ಚಕ್ಕಡಿ ಜಾಡಿಲ್ಲದ ಹಸಿರು ಹಾಳೆ

ದುಂಡೇಶನ ಪ್ರೆಸ್ಸಿನಲ್ಲಿ ಅಚ್ಚಾದ ಮದುವೆ ಕಾರ್ಡನ್ನು ನೂರು ಕಾರ್ಡುಗಳ ನಡುವೆ ಇಟ್ಟರೂ ಗುರುತು ಹಿಡಿಯಬಹುದು. ಮೇಲಿನಿಂದ ಕೆಳಗಿನ ತನಕ ಅದರಲ್ಲಿ ಎರಡು ಬಿಳಿ ಓಣಿಗಳಿರುತ್ತವೆ. ವರ ಒಂದು ಓಣಿಯ ಈಚೆ, ವಧು ಆಚೆ, ಬೀಗರು ಬಿಜ್ಜರೆಲ್ಲ ಅಂಚಿಗೆ. ಮುದ್ದೇಬಿಹಾಳದ ಕಡೆಯ ಮಂದಿ ಸಿಂದಗಿ ತನಕ ಬಂದು, "ನಮಗೂ ಹಂಗ ಎರಡ ಪಟ್ಟಿ ಬಿಟ್ಟು ಮಾಡ್ರಿ, ಚಲೋ ಕಾಣತೈತಿ" ಎನ್ನುತ್ತಾರೆ. ಅದನ್ನು ಸಿಂದಗಿ ಸ್ಟೈಲ್ ಎಂದು ಕರೆಯುವವರೂ ಇದ್ದಾರೆ. ಸ್ಟೈಲೂ ಇಲ್ಲ, ಮಣ್ಣೂ ಇಲ್ಲ. ಅದು ಮಷೀನಿನ ಚಕ್ರ ಓಡಾಡುವ ದಾರಿ. ಆ ದಾರಿ ಬಿಡಿಸಿದಾಕೆ ಮೆಹನಾಜ.

ಆಫ್‌ಸೆಟ್ ಮಷೀನಿನಲ್ಲಿ ಹಾಳೆಗೆ ಶಾಯಿ ಬಿದ್ದು ಹೊರಗೆ ಬರುವಾಗ, ಅದರ ಹಸಿ ಮುಖವನ್ನು ತೆಳ್ಳನೆಯ ಹಲ್ಲಿನ ಚಕ್ರಗಳು ಎತ್ತಿ ಹಿಡಿಯುತ್ತವೆ. ಚಕ್ರ ಬಿಳಿ ಜಾಗದ ಮೇಲೆ ಉರುಳಿದರೆ ತಕರಾರಿಲ್ಲ. ಶಾಯಿಯ ಮೇಲೆ ಉರುಳಿದರೆ ಗೆರೆ. ಒಂದು ಹಾಳೆಗೆ ಬಿತ್ತೆಂದರೆ ಅದರ ಹಿಂದೆ ಬರುವ ಐದು ಸಾವಿರ ಹಾಳೆಗೂ ಬಿತ್ತೆಂದೇ ಅರ್ಥ.

ಮೆಹನಾಜ ಕನ್ನೊಳ್ಳಿಯವಳು, ಈಗ ನಲವತ್ತೊಂದರ ಹೆಂಗಸು. ಅಪ್ಪ ಅಮೀನುದ್ದೀನ ಚಕ್ಕಡಿ ಹೂಡಿ ಊರಮಂದಿಯ ಹತ್ತಿ, ತೊಗರಿ ಪೇಟೆಗೆ ಸಾಗಿಸುತ್ತಿದ್ದ. ಬೆಳೆ ನಿಂತ ಹೊಲದಲ್ಲಿ ಚಕ್ಕಡಿ ಹೊಡೆದರೆ ಹೊಲದವರು ಅವನ ಏಳು ತಲೆಮಾರನ್ನು ಬೈಯುತ್ತಿದ್ದರು. ಹಾಗಾಗಿ ಬದುವಿನ ಜಾಡು ಹಿಡಿದೇ ಹೋಗಬೇಕಿತ್ತು, ದಾರಿ ಎರಡು ಮೈಲು ಸುತ್ತಾದರೂ. ಹಿಂದೆ ಕೂತು ಹೋಗುತ್ತಿದ್ದ ಮಗಳಿಗೆ ಈ ಬುದ್ಧಿ ಪುಕ್ಕಟೆ ಸಿಕ್ಕಿತು.

ಹದಿನೆಂಟು ವರ್ಷದ ಹಿಂದೆ ಆಕೆ ಪ್ರೆಸ್ಸಿಗೆ ಬಂದದ್ದು ಹಾಳೆ ಮಡಚಲು. ಆಗ ಮಷೀನು ಗುರಪ್ಪ ಕಾಕಾನ ಕೈಯಲ್ಲಿತ್ತು. ಯಾವುದೋ ಸಂಘದ ಕ್ಯಾಲೆಂಡರು ಅಚ್ಚಾಗುತ್ತಿತ್ತು, ಮೇಲೆ ಐದು ಮಂದಿ ನಿರ್ದೇಶಕರ ಫೋಟೊ ಸಾಲಾಗಿ. ಹಾಳೆ ಅಡ್ಡಡ್ಡ ಓಡುತ್ತಿದ್ದುದರಿಂದ ಚಕ್ರದ ಗೆರೆ ಐದೂ ಹಣೆಗಳ ಮೇಲೆ ನೆಟ್ಟಗೆ ಹಾದುಹೋಗಿ, ಎಲ್ಲರೂ ಈಗಷ್ಟೇ ವಿಭೂತಿ ಬಳಿದುಕೊಂಡು ಕೂತವರಂತೆ ಕಂಡರು. ಅವರಲ್ಲಿ ಮೂರನೆಯವರು ಖಾಜಿ ಮನೆತನದ ಹಿರಿಯರು. ಪ್ರೆಸ್ಸಿಗೆ ಬಂದು ಹಾಳೆ ನೋಡಿ, "ನಂದು ಲಿಂಗದೀಕ್ಷಾ ಯಾವಾಗ ಆತಪಾ ಗುರಪ್ಪ, ನನಗ ಒಂದ ಮಾತರ ಹೇಳಬಾರದೇನು" ಎಂದು ನಕ್ಕರು. ಗುರಪ್ಪ ನಗಲಿಲ್ಲ. ಶಾಯಿಯನ್ನು ಬೈದ, ಹಾಳೆಯನ್ನು ಬೈದ, ಕರೆಂಟಿನವರನ್ನೂ ಸುಮ್ಮನೆ ಬಿಡಲಿಲ್ಲ.

ಮಡಚುವ ಟೇಬಲ್ಲಿನಿಂದ ಮೆಹನಾಜ ಅಂದಳು, "ಕಾಕಾ, ಆ ಚಕ್ರ ನಾಕ ಬೊಟ್ಟ ಕೆಳಗ ಸರಸ್ರಿ. ಕಾಲರಿನ ಮ್ಯಾಲಿಂದ ಹೋಕ್ಕತಿ. ಐದೂ ಮಂದಿದು ಬಿಳಿ ಅಂಗಿ ಐತಿ."

ಗುರಪ್ಪ ಆಕೆಯನ್ನೂ ಹಾಳೆಯನ್ನೂ ಒಂದೆರಡು ಸಲ ನೋಡಿದ. "ಬಾ ಬೇ, ನೀನ ಸರಸು" ಎಂದು ಪಾನಾ ಕೈಗೆ ಕೊಟ್ಟ.

ಅಂದು ಹಿಡಿದ ಪಾನಾವನ್ನು, ಮಡಚುವ ಕೆಲಸದ ನಡುವೆಯೂ, ಆಕೆ ಕೆಳಗಿಡಲಿಲ್ಲ. ಫೋಟೊ ಇದ್ದರೆ ಅಂಗಿ ಹುಡುಕುವುದು, ಬರಹ ಇದ್ದರೆ ಸಾಲುಗಳ ನಡುವಿನ ಸಂದು ಹುಡುಕುವುದು. ಸಂದಿಲ್ಲದಿದ್ದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ನಿಷತಳ ಹಿಂದೆ ಹೋಗಿ ನಿಂತು, "ಇಲ್ಲೊಂದು ಅಲ್ಲೊಂದು ಚಕ್ಕಡಿ ಜಾಡು ಬಿಡು" ಎನ್ನುವುದು. ಹೀಗೆ ಸಿಂದಗಿ ಸ್ಟೈಲ್ ಹುಟ್ಟಿತು. ಒಮ್ಮೆ ಅಂಗನವಾಡಿ ಹೆಣ್ಣುಮಕ್ಕಳ ಮೆರವಣಿಗೆಯ ಕರಪತ್ರ ಬಂತು. ಅದರ ಘೋಷಣೆಯ ನಡುವೆಯೇ ಜಾಡು ಹಾದುಹೋಗಿ "ಕೆಲಸಕ್ಕೆ ತಕ್ಕ" ಒಂದು ಕಡೆ, "ಸಂಬಳ ಕೊಡಿ" ಇನ್ನೊಂದು ಕಡೆ ಬಿತ್ತು. ಕರಪತ್ರ ನೋಡಿಕೊಂಡು ಕೂಗಿದ ಆರುನೂರು ಹೆಂಗಸರು ತಹಶೀಲ್ದಾರ ಕಚೇರಿಯ ತನಕ ಒಂದೇ ಕಡೆ ಉಸಿರು ನಿಲ್ಲಿಸಿ ಕೂಗಿದರು. ಆ ನಿಲುಗಡೆಯಲ್ಲಿ ಎಂಥ ಗತ್ತು ಬಂತೆಂದರೆ, ಮುಂದಿನ ಮೆರವಣಿಗೆಗಳಲ್ಲೂ ಅದು ಹಾಗೆಯೇ ಉಳಿಯಿತು. ಈಗಲೂ ಬಸವನ ಬಾಗೇವಾಡಿಯ ತನಕ ಅದನ್ನು ಹಾಗೇ ಕೂಗುತ್ತಾರೆ. ಯಾಕೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ.

ಗುರಪ್ಪ ಹನ್ನೆರಡು ವರ್ಷದ ಹಿಂದೆ ಮುದ್ದೇಬಿಹಾಳಕ್ಕೆ ಹೋಗಿ ಝೆರಾಕ್ಸ್ ಅಂಗಡಿ ಹಾಕಿಕೊಂಡ. ಮಷೀನು ಮೆಹನಾಜಳ ಕೈಗೆ ಬಂತು. ಬಂತು ಅಂದರೆ ಯಾರೂ ಕೊಡಲಿಲ್ಲ, ನಡೆಸುವವರು ಬೇರೆ ಇರಲಿಲ್ಲ, ಆಕೆ ನಡೆಸಿದಳು. ದುಂಡೇಶ ಗಿರಾಕಿಗಳಿಗೆ ಮಾತ್ರ "ನಮ್ಮ ಹುಡುಗೂರು ಮಾಡ್ತಾರ" ಎಂದೇ ಹೇಳುತ್ತಿದ್ದ. ಆ ಹುಡುಗೂರಿನಲ್ಲಿ ಮೆಹನಾಜ ಒಬ್ಬಳು, ಹಾಳೆ ಹೊತ್ತು ಹಾಕುವ ಐವತ್ತು ದಾಟಿದ ಬೀರಣ್ಣ ಇನ್ನೊಬ್ಬ.

ಈ ಚೈತ್ರದಲ್ಲಿ ಪ್ರೆಸ್ಸಿಗೆ ಎರಡು ಬಣ್ಣದ ಮಷೀನು ಬಂತು. ಎಲ್ಲೋ ಓಡಿ ದಣಿದು ಬಂದದ್ದೇ, ಆದರೆ ದುಂಡೇಶ ಅದಕ್ಕೆ ಹೂವಿನ ಹಾರ ಹಾಕಿ, ಕಾಯಿ ಒಡೆದು, ಬಾಗಿಲಲ್ಲಿ ನಿಂತು ಓಣಿಗೆಲ್ಲ ಪೇಢೆ ಹಂಚಿದ. ಹಂಚಿ ಮುಗಿದ ಮೇಲೆ ಮೆಹನಾಜಳನ್ನು ಕರೆದ.

"ನೋಡು ಮೆಹನಾಜ, ಒಂದ ಬಣ್ಣದ್ದು ನೀ ನಡಸಿದಿ, ಖರೆ. ಇದು ಎರಡ ಬಣ್ಣದ್ದು. ಸೊಲ್ಲಾಪುರದಾಗ ತಬ್ರೇಜ ಅಂತ ಒಬ್ಬ ಆಪರೇಟರ್ ಅದಾನ, ಕೇಳಿಟ್ಟೇನಿ. ಬುಧವಾರ ಇಂಡಿಯವ್ರ ಕೆಲಸ ಕೊಡಬೇಕು. ಅದು ನಿನ್ನ ಕೈಲೆ ಸ್ವಚ್ಛ ಬಂತಂದ್ರ ಮಷೀನ ನಿಂದು. ಬರಲಿಲ್ಲಂದ್ರ ಅಂವ ಬರ್ತಾನ, ನೀ ಹಾಳಿ ಮಡಚಾಕ ಹೋಗು."

"ಹಾಳಿ ಮಡಚೂದು ಬಿಟ್ಟು ಹನ್ನೆರಡ ವರ್ಷ ಆತ್ರಿ ಸಾವಕಾರ್ರ."

"ಮರತಿರಂಗಿಲ್ಲ ಬಿಡು."

ಇಂಡಿಯವರ ಕೆಲಸ ಅಂದರೆ ನಿಂಬೆಹಣ್ಣಿನ ಡಬ್ಬಿ. ಇಂಡಿ ಹತ್ತಿರದ ಒಂದು ಹಳ್ಳಿಯ ಹೆಂಗಸರು ತಮ್ಮ ಗಿಡದ ಹಣ್ಣನ್ನು ಚೀಲದಲ್ಲಿ ತುಂಬಿ ದಲಾಲರ ಮುಂದೆ ಸುರಿಯುವುದನ್ನು ಬಿಟ್ಟು, ಡಬ್ಬಿಯಲ್ಲಿ ಜೋಡಿಸಿ ತಾವೇ ಪೇಟೆಗೆ ಕಳಿಸಲು ಹೊರಟಿದ್ದರು. ಡಬ್ಬಿಯ ಮೇಲೆ ಅಂಟಿಸುವ ದಪ್ಪ ಹಾಳೆ, ಮೂರು ಸಾವಿರ. ಅವರ ಹಿರೇಮಣಿ ಶೇವಂತೆವ್ವ ಮೊದಲೇ ಬಂದು ನಿಷತಳ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದಳು. ಪರದೆಯಲ್ಲಿ ಹಸಿರು ಹಿನ್ನೆಲೆ, ಹಳದಿ ಹಣ್ಣು, ನಡುವೆ ರೂಢಿಯಂತೆ ಎರಡು ಬಿಳಿ ಪಟ್ಟಿ.

"ಇವೇನ ತಂಗಿ, ಬೋಳು ಗೆರಿ?"

"ಚಕ್ಕಡಿ ಜಾಡ್ರಿ ಅಕ್ಕಾರ," ಎಂದಳು ಮೆಹನಾಜ. "ಮಷೀನಿನ ಚಕ್ರ ಹಾಯಾಕ."

"ನಮ್ಮ ನಿಂಬಿ ಹೊಲದಾಗ ನೀ ಯಾಕ ಚಕ್ಕಡಿ ಹೊಡೀತಿ? ಇಡೀ ಹಾಳಿ ಹಸರ ಬೇಕು. ಗಿಡದ ಎಲಿ ಕರ್ರಗ ಇರತೈತಲ್ಲ, ಅಂಥಾ ಹಸರ. ಹಣ್ಣ ಅದರಾಗ ಮಿಣಮಿಣ ಅನಬೇಕು. ಪಟ್ಟಿ ಗಿಟ್ಟಿ ಏನೂ ಬ್ಯಾಡ."

ಮೆಹನಾಜ ಹೂಂ ಎಂದಳು. ಹೂಂ ಎನ್ನುವುದು ಸುಲಭ.

ಸೋಮವಾರ ಹೊಸ ಮಷೀನು ಓಡಿತು. ಹೊರಬರುವ ಕಡೆಯ ಚಕ್ರಗಳನ್ನು ಆಕೆ ಮೊದಲೇ ಎರಡೂ ಅಂಚಿಗೆ ಸರಿಸಿದ್ದಳು. ಅಂಚನ್ನು ಹೇಗೂ ಕತ್ತರಿಸಿ ಬಿಸಾಡುತ್ತಾರೆ, ಹಾಳೆ ದಪ್ಪದ್ದು, ನಡುವೆ ಆಸರೆ ಇಲ್ಲದೆ ನಿಲ್ಲುತ್ತದೆ. ಚಕ್ರದ ಗೆರೆ ಒಂದೂ ಬೀಳಲಿಲ್ಲ. ಆದರೆ ಎರಡನೆಯ ಸಾಲಿನ ಹಣ್ಣಿನ ಪಕ್ಕದಲ್ಲಿ, ಯಾರೋ ಒದ್ದೆ ಬೆರಳು ಸವರಿದಂತೆ ಹಸಿರು ಕದಡಿತ್ತು. ಎರಡನೆಯ ಹಾಳೆಯಲ್ಲೂ ಅಲ್ಲೇ. ಇಪ್ಪತ್ತನೆಯದರಲ್ಲಿ ಇನ್ನೂ ಅಗಲ.

ಮೆಹನಾಜ ಮಷೀನು ನಿಲ್ಲಿಸಿ, ಪಕ್ಕದ ತಗಡು ಬಿಚ್ಚಿ, ಟಾರ್ಚು ಹಿಡಿದು ಒಳಗೆ ತಲೆ ಹಾಕಿದಳು. ಮೊದಲನೆಯ ಬಣ್ಣ ಬಿದ್ದ ಮೇಲೆ ಹಾಳೆಯನ್ನು ಎರಡನೆಯ ಬಣ್ಣಕ್ಕೆ ದಾಟಿಸಲು ನಡುವೆ ಒಂದು ದೊಡ್ಡ ಡ್ರಮ್ಮು. ಹಾಳೆ ತನ್ನ ಹಸಿ ಮುಖವನ್ನೇ ಅದಕ್ಕೆ ಒತ್ತಿಕೊಂಡು ದಾಟುತ್ತಿತ್ತು. ಚಕ್ರವಾದರೆ ಅತ್ತಿತ್ತ ಸರಿಸಬಹುದು. ಹಾಳೆಯಷ್ಟೇ ಅಗಲದ ಡ್ರಮ್ಮನ್ನು ಎಲ್ಲಿಗೆ ಸರಿಸುವುದು.

ದುಂಡೇಶ ಬಂದು ಹಾಳೆ ನೋಡಿದ. "ಪೌಡರ ಜಾಸ್ತಿ ಬಿಡು" ಎಂದ. ಹಸಿ ಹಾಳೆಗಳು ಒಂದಕ್ಕೊಂದು ಅಂಟದಂತೆ ಉದುರಿಸುವ ಹಿಟ್ಟಿನಂಥ ಪುಡಿ ಅದು.

"ಪೌಡರ ಬೀಳೂದು ಹಾಳಿ ಹೊರಗ ಬಂದ ಮ್ಯಾಲ್ರಿ. ಕಲಿ ಒಳಗ ಬಿದ್ದಿರತೈತಿ."

"ಬಿಟ್ಟರ ನೋಡು."

ಬಿಟ್ಟರು. ಕಲೆ ಇದ್ದಲ್ಲೇ ಇತ್ತು. ಪ್ರೆಸ್ಸಿನೊಳಗಿದ್ದವರೆಲ್ಲ ಗಿರಣಿಯಿಂದ ಹಿಟ್ಟು ಬೀಸಿಸಿಕೊಂಡು ಬಂದವರಂತಾದರು. ಬೀರಣ್ಣನ ಮೀಸೆ ನೋಡಿ ನಿಷತ, "ಮಾಮಾ, ಒಂದ ತಾಸಿನಾಗ ಮುದುಕ ಆದ್ರಿ" ಎಂದಳು. ಶಾಯಿ ಕಡಿಮೆ ಮಾಡಿದರು. ಕಲೆ ತುಸು ಕರಗಿತು, ಆದರೆ ಗಿಡದ ಎಲೆಯ ಹಸಿರು ಹೋಗಿ ಆಸ್ಪತ್ರೆಯ ಗೋಡೆಯ ಹಸಿರು ಬಂತು. ಡ್ರಮ್ಮಿಗೆ ಸ್ಯಾಂಡ್‌ಪೇಪರ್ ಅಂಟಿಸಿದರು. ಒರೆಸಿದ ಕಲೆ ಹೋಗಿ ಹಾಳೆಯ ತುಂಬ ದಡಾರ ಎದ್ದಂತೆ ಚುಕ್ಕೆ ಬಿತ್ತು.

"ಆಪಾ," ಎಂದಳು ನಿಷತ, "ಕಲಿ ಬೀಳೂ ಜಾಗದಾಗ ಒಂದೊಂದು ಹಣ್ಣ ಹೆಚ್ಚಿಗಿ ಇಡ್ಲೇನು? ಮುಚ್ಚಿಹೋಕ್ಕತಿ."

"ಹಂಗ ಇಡಕೋತ ಹೋದ್ರ ಅವರ ಗಿಡದಾಗ ಏನೂ ಉಳಿಯಂಗಿಲ್ಲ, ಎಲ್ಲಾ ಹಾಳಿ ಮ್ಯಾಲ ಬರ್ತಾವ."

ನಕ್ಕರು. ಆದರೆ ಮೆಹನಾಜಳ ಕಣ್ಣು ಮೂಲೆಯಲ್ಲಿದ್ದ ಮಡಚುವ ಟೇಬಲ್ಲಿನ ಕಡೆ ಹೋಗಿತ್ತು. ಅದರ ಮುಂದಿನ ಸ್ಟೂಲು ಗೋಡೆಗೆ ಮುಖ ಮಾಡಿತ್ತು. ಅಲ್ಲಿ ಆರು ವರ್ಷ ಕೂತಿದ್ದಳು. ಆ ಗೋಡೆಯ ಸುಣ್ಣ ಎಲ್ಲೆಲ್ಲಿ ಉದುರಿದೆ ಎಂಬುದು ಆಕೆಗೆ ಬಾಯಿಪಾಠ. ಮತ್ತೆ ಅದನ್ನು ನೋಡುತ್ತ ಕೂರುವ ಹೆಣ್ಣು ತಾನಲ್ಲ ಎಂದುಕೊಂಡಳು.

ಮಂಗಳವಾರ ಮುದ್ದೇಬಿಹಾಳಕ್ಕೆ ಫೋನು ಮಾಡಿದಳು.

"ಕಾಕಾ, ಹಾಳಿ ಡ್ರಮ್ಮಿಗಿ ತಾಗಿ ಕಲಿ ಬೀಳಾಕತ್ತಾವ. ಏನ ಮಾಡ್ಲಿ?"

"ಏ ಮೆಹನಾಜ, ನಾವು ಚಕ್ರದ ಮಂದಿ. ಡ್ರಮ್ಮಿಂದು ನನಗೇನ ಗೊತ್ತು?" ಎಂದ ಗುರಪ್ಪ. "ಆದ್ರ ಒಮ್ಮೆ ಸೊಲ್ಲಾಪುರದಾಗ ನೋಡಿದ್ದೆ. ಡ್ರಮ್ಮಿಗಿ ಒಂದು ಜಾಳಿ ಅರಿವಿ ಕಟ್ಟಿದ್ರು. ಸೊಳ್ಳಿಪರದಿ ಇರತೈತಲ್ಲ, ಅದಕ್ಕಿಂತ ಸಣ್ಣಂದು."

"ಹೆಂಗ ಕಟ್ಟಿದ್ರು?"

"ಅದನ್ನೆಲ್ಲಿ ನೋಡ್ಲಿ, ಅಷ್ಟರಾಗ ಚಾ ಕುಡ್ಯಾಕ ಕರದ್ರು. ತಡಿ, ಇಲ್ಲೊಬ್ಬ ಆಧಾರ ಕಾರ್ಡ ಹಿಡ್ಕೊಂಡ ನಿಂತಾನ. ಎರಡೂ ಮಗ್ಗಲಾ ಬೇಕೇನೋ ತಮ್ಮಾ?"

ಫೋನು ಕಟ್ಟಾಯಿತು. ಮೆಹನಾಜ ಬಜಾರಕ್ಕೆ ಹೋಗಿ, ಮದುಮಗಳ ಮುಸುಕಿಗೆ ಹಾಕುವ ತೆಳುವಾದ ಜಾಳಿ ಬಟ್ಟೆಯನ್ನು ಎರಡು ಮೀಟರ್ ಹರಿಸಿಕೊಂಡು ಬಂದಳು. ಅಂಗಡಿಯವನು "ಮದುವಿ ಯಾರದ್ರಿ?" ಎಂದು ಕೇಳಿದ. "ಡ್ರಮ್ಮಿಂದು" ಎಂದಳು. ಅವನು ಬಟ್ಟೆ ಮಡಚಿ ಕೊಟ್ಟ.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೇ ಶೇವಂತೆವ್ವ ಗೂಡ್ಸ್ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದಳು. ಒಳಗೆ ಬಂದು ಸ್ಟೂಲಿನ ಮೇಲೆ ಕೂತು ಎಲೆಯಡಿಕೆಯ ಚಂಚಿ ಬಿಚ್ಚಿದಳು. ಆಕೆ ಕೂತ ರೀತಿ ನೋಡಿದರೆ, ಹಾಳೆ ಕೈಗೆ ಬರುವ ತನಕ ಜೆಸಿಬಿ ತಂದರೂ ಏಳುವ ಹಾಗಿರಲಿಲ್ಲ.

"ಡ್ರಮ್ಮಿಗಿ ಜಾಳಿ ಕಟ್ಟಬೇಕು ಬೀರಣ್ಣಾ," ಎಂದಳು ಮೆಹನಾಜ.

ಬೀರಣ್ಣನ ಮುಖ ಅರಳಿತು. ಅವನು ಕನ್ನೊಳ್ಳಿಯ ಡೊಳ್ಳಿನ ಮೇಳದವನು. ಊರಲ್ಲಿ ಯಾರ ಡೊಳ್ಳಿನ ಚರ್ಮ ಸಡಿಲಾದರೂ ಬಿಗಿಯಲು ಅವನೇ ಬೇಕು. ಪ್ರೆಸ್ಸಿನಲ್ಲಿ ಇಷ್ಟು ವರ್ಷ ಹಾಳೆ ಹೊತ್ತ ಮೇಲೆ, ಅವನಿಗೆ ಬರುವ ಕೆಲಸವೊಂದು ಕೊನೆಗೂ ಮಷೀನಿನೊಳಗೆ ಸಿಕ್ಕಿತ್ತು.

"ಡ್ರಮ್ಮಿಗಿ ಅರಿವಿ ಕಟ್ಟೂದು ನನಗ ಬಿಡ ತಂಗಿ. ನೀ ಆ ಕಡೆ ಹೋಗು."

ಮೊಣಕಾಲು ಊರಿ, ಹಲ್ಲು ಕಚ್ಚಿ, ಲಾಡಿಗಳನ್ನು ಒಂದು ಅತ್ತ ಒಂದು ಇತ್ತ ಜಗ್ಗಿ ಜಾಳಿ ಬಿಗಿದ. ಒಂದು ಸುಕ್ಕಿಲ್ಲ. ಬೆರಳಿಂದ ತಟ್ಟಿ ಕಿವಿಗೊಟ್ಟ.

"ಕೇಳು, ನಾದ ಬಂತು."

ಮೆಹನಾಜಳಿಗೂ ಅದು ಸರಿಯೆಂದೇ ಕಂಡಿತು. ಡ್ರಮ್ಮು ಎಂದ ಮೇಲೆ ಬಿಗಿಯಲೇಬೇಕು, ಅದರಲ್ಲಿ ಕೇಳುವುದೇನಿದೆ. ಗುಂಡಿ ಒತ್ತಿದಳು. ಹಾಳೆ ಬಂತು. ಜಾಳಿಯ ಒಂದೊಂದು ಕಣ್ಣೂ ಹಸಿರಿನ ಮೇಲೆ ಸಾಲಾಗಿ ಮೂಡಿತ್ತು.

ಶೇವಂತೆವ್ವ ಹಾಳೆಯನ್ನು ಕೈಯಳತೆಯ ದೂರದಲ್ಲಿ ಹಿಡಿದು ನೋಡಿದಳು. "ನಿಂಬಿ ಡಬ್ಬಿಗಿ ಲುಂಗಿ ಉಡಿಸೀರೇನ ತಂಗಿ? ಚೌಕಳಿ ಬ್ಯಾರೆ."

ದುಂಡೇಶ ಮೊಬೈಲು ಹಿಡಿದು ಹೊರಗಿನ ಕಟ್ಟೆಗೆ ಹೋದ. ಕಾಜಿನ ಕಿಟಕಿಯಲ್ಲಿ ಅವನ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಯಾರ ಜೊತೆ ಮಾತು ಎಂದು ಕೇಳುವ ಅಗತ್ಯವಿರಲಿಲ್ಲ.

ಹೊಂದಿಸುವಾಗ ಹಾಳಾದರೂ ಇರಲಿ ಎಂದು ಇಟ್ಟುಕೊಂಡಿದ್ದ ಹೆಚ್ಚಿನ ಹಾಳೆಗಳಲ್ಲಿ ನಲವತ್ತು ಮಾತ್ರ ಉಳಿದಿದ್ದವು. ಮೆಹನಾಜ ಮತ್ತೊಮ್ಮೆ ಓಡಿಸಿದಳು, ಶಾಯಿ ತುಸು ಇಳಿಸಿ. ಲುಂಗಿ ಹಾಗೇ ಇತ್ತು. ಹತ್ತು ಹಾಳೆ ದಾಟುವಷ್ಟರಲ್ಲಿ ಒಳಗೆ ಟಪ್ ಎಂದಿತು. ಕಿಟಕಿಯ ಕಡೆಯ ಲಾಡಿ ಹರಿದಿತ್ತು.

"ಬಿಗಿ ತಾಳಲಿಲ್ಲ," ಎಂದ ಬೀರಣ್ಣ. "ತಡಿ, ಚರ್ಮದ ವಾರ ತರ್ತೇನಿ. ಈ ಸಲ ಹಂಗ ಬಿಗಿತೇನಿ..."

ಆದರೆ ಲಾಡಿ ಹರಿದ ಮೇಲೂ ಎರಡು ಹಾಳೆ ಹೊರಗೆ ಬಂದಿದ್ದವು. ಮೆಹನಾಜ ಅವುಗಳನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದಳು. ಒಳಗೋಡೆಯ ಕಡೆಯ ಅರ್ಧ ಚೌಕಳಿ ಲುಂಗಿ. ಕಿಟಕಿಯ ಕಡೆಯ ಅರ್ಧ ಹಸಿರು, ಬರೀ ಹಸಿರು. ಗೆರೆ ಇಲ್ಲ, ಚುಕ್ಕೆ ಇಲ್ಲ, ಒರೆಸಿದ ಗುರುತಿಲ್ಲ. ಹಾಳೆಯ ನಟ್ಟನಡುವೆ ಗಡಿ ಕೊರೆದಂತಿತ್ತು.

"ಬೀರಣ್ಣಾ, ಕೈ ತಗಿ. ಏನೂ ಮುಟ್ಟಬ್ಯಾಡ."

"ಹರದ ಲಾಡಿ ಹಂಗ ಬಿಡ್ಲೇನು?"

"ಹಂಗ ಬಿಡು."

ಮಷೀನನ್ನು ಗುಂಡಿ ಬಿಟ್ಟು ಬಿಟ್ಟು ಒತ್ತುತ್ತ ಬೊಟ್ಟು ಬೊಟ್ಟಾಗಿ ತಿರುಗಿಸಿದಳು. ನಿಷತ ಟಾರ್ಚು ಹಿಡಿದಳು. ಹಾಳೆ ಬಂದು ಡ್ರಮ್ಮಿಗೆ ಆತುಕೊಂಡಿತು. ಸಡಿಲಾದ ಕಡೆ ಜಾಳಿ ಹಾಳೆಯ ಜೊತೆಗೇ ಒಂದು ಬೊಟ್ಟು ಮುಂದೆ ಸರಿದು, ಹಾಳೆ ಬಿಟ್ಟು ಹೋದ ಮೇಲೆ ತನ್ನ ಜಾಗಕ್ಕೆ ಬಂದಿತು. ಬಿಗಿದ ಕಡೆ ಜಾಳಿ ಅಲುಗಲಿಲ್ಲ. ಹ್ಯಾಗಿದ್ದರೂ ಮುಂದೆ ಹೋಗಲೇಬೇಕಿದ್ದ ಹಾಳೆ ಅದರ ಮೇಲೆ ಮೈ ತಿಕ್ಕಿಕೊಂಡು ಹೋಯಿತು. ಕಲೆ ಬೀಳುತ್ತಿದ್ದುದು ಮುಟ್ಟಿದ್ದರಿಂದಲ್ಲ, ತಿಕ್ಕಿದ್ದರಿಂದ. ಜೊತೆಗೆ ಸರಿಯುವಂತಿದ್ದರೆ ಹಸಿ ಶಾಯಿಯನ್ನು ಮುಟ್ಟಿದರೂ ಏನೂ ಆಗುವುದಿಲ್ಲ.

ಮೆಹನಾಜ ಎದ್ದು ನಿಂತು ಸೊಂಟ ನೆಟ್ಟಗೆ ಮಾಡಿಕೊಂಡಳು. "ಎಲ್ಲಾ ಲಾಡಿ ಸಡ್ಲ ಮಾಡು."

"ಸಡ್ಲ?" ಬೀರಣ್ಣನಿಗೆ ಇದು ತನ್ನ ಮನೆತನಕ್ಕೇ ಆದ ಅವಮಾನದಂತೆ ಕೇಳಿಸಿತು. "ಸಡ್ಲ ಇದ್ರ ಅದು ಡ್ರಮ್ಮ ಹೆಂಗ ಆದೀತು ತಂಗಿ?"

"ಇದನ್ನ ಬಾರಸೂದಿಲ್ಲಪಾ."

"ಎಷ್ಟ ಸಡ್ಲ?"

"ಜೋತ ಬೀಳೂವಷ್ಟ ಬ್ಯಾಡ, ಹಾಳಿ ಹಿಡಿಯೂ ಹಲ್ಲಿಗಿ ಸಿಕ್ಕೊಂಡೀತು. ಚಿವುಟಿ ಎತ್ತಿದ್ರ ಒಂದ ಬೊಟ್ಟ ಏಳಬೇಕು, ಅಷ್ಟ."

ಬೀರಣ್ಣ ಪ್ರಯತ್ನ ಮಾಡಿದ. ಗಂಟು ಹಾಕುವ ಹೊತ್ತಿಗೆ ಅವನ ಕೈ ಅವನನ್ನು ಕೇಳದೆ ಜಗ್ಗಿಬಿಡುತ್ತಿತ್ತು. ಮೂರು ಸಲ ಬಿಚ್ಚಿದ, ಮೂರು ಸಲವೂ ನಾದ ಬಂತು. "ನನ್ನ ಕೈಲೆ ಸಡ್ಲ ಕಟ್ಟಾಕ ಆಗಂಗಿಲ್ಲ, ನೀನ ಕಟ್ಟು" ಎಂದು ಎದ್ದ. ಮೆಹನಾಜ ಹರಿದ ಲಾಡಿ ತೆಗೆದು ಹೊಸದು ಹಾಕಿ, ಒಂದೊಂದು ಗಂಟಿಗೂ ಬೆರಳಿನಿಂದ ಅಳತೆ ಹಿಡಿದು ಕಟ್ಟಿದಳು. ಅರ್ಧ ತಾಸು ಹಿಡಿಯಿತು.

ಹಾಳೆ ಬಂತು. ಶೇವಂತೆವ್ವ ಈ ಸಲ ಎದ್ದು ಬಂದಳು. ಹಾಳೆಯನ್ನು ಮೂಗಿನ ಹತ್ತಿರ ತಂದಳು, ದೂರ ಹಿಡಿದಳು, ಬಿಸಿಲಿಗೆ ಓರೆ ಮಾಡಿದಳು. ಹೊಲದಲ್ಲಿ ಕಸ ಉಳಿದಿದೆಯೇ ಎಂದು ಸಾಲು ಸಾಲು ನೋಡುವ ಹೆಣ್ಣು ಆಕೆ, ಹಾಳೆಯನ್ನೂ ಹಾಗೇ ನೋಡಿದಳು.

"ಇದು ನಮ್ಮ ಗಿಡದ ಹಸರ," ಎಂದಳು. "ಹೊಡಿ ಇನ್ನ."

ಮಷೀನು ಓಡಿತು. ನೂರು, ಐನೂರು, ಸಾವಿರ. ಐನೂರಕ್ಕೊಮ್ಮೆ ನಿಲ್ಲಿಸಿ ಮೆಹನಾಜ ಜಾಳಿಯನ್ನು ಒರೆಸಿದಳು, ಗಂಟು ಮುಟ್ಟಿ ನೋಡಿದಳು. ಬೀರಣ್ಣ ಹಾಳೆ ತುಂಬಿದ, ನಿಷತ ಎಣಿಸಿದಳು. ಎಲ್ಲ ಸರಾಗ. ಹದಿನೆಂಟುನೂರು ದಾಟಿದಾಗ ದುಂಡೇಶ ಕಟ್ಟೆಯಿಂದ ಒಳಗೆ ಬಂದ. ಮುಖದ ತುಂಬ ನಗೆ.

"ಶಾಬಾಸ್ ಮೆಹನಾಜ. ನಾಳೆ ತಬ್ರೇಜ ಬರಾಕತ್ತಾನ. ಈ ಜಾಳಿ ಹೆಂಗ ಕಟ್ಟೂದಂತ ಅವಗ ಒಂದೀಟ ತೋರಿಸಿಕೊಡು."

ಮಷೀನಿನ ಸದ್ದಿನಲ್ಲಿ ತಪ್ಪು ಕೇಳಿಸಿತೇನೋ ಎಂದುಕೊಂಡಳು. "ಸ್ವಚ್ಛ ಬಂದ್ರ ಮಷೀನ ನಂದು ಅಂದಿದ್ರಿ."

"ಅಂದಿದ್ದೆ. ಆದ್ರ ಅವಗ ಬಾ ಅಂದಬಿಟ್ಟೇನಿ. ಲುಂಗಿ ನೋಡಿ ನನ್ನ ಎದಿ ಒಡದಿತ್ತು. ಮತ್ತ ಮುಂದ ದೊಡ್ಡ ದೊಡ್ಡ ಗಿರಾಕಿ ಬರ್ತಾರ. ಆಪರೇಟರ್ ಯಾರಂತ ಕೇಳ್ತಾರ."

"ಕೇಳಿದ್ರ?"

ದುಂಡೇಶನ ನಾಲಿಗೆಯ ತುದಿಯಲ್ಲಿದ್ದ ಉತ್ತರ ಒಂದೇ ಶಬ್ದ, ಹೆಣ್ಣುಮಗಳು. ಆ ಶಬ್ದವನ್ನು ಶೇವಂತೆವ್ವನ ಮುಂದೆ ಆಡಲು ಅವನಿಗೆ ಧೈರ್ಯ ಸಾಲಲಿಲ್ಲ.

ಮೆಹನಾಜ ಕೆಂಪು ಗುಂಡಿ ಒತ್ತಿದಳು. ಮಷೀನು ನಿಂತಿತು. ಕೈಗೆ ಸೀಮೆಎಣ್ಣೆ ಹಚ್ಚಿ ಶಾಯಿ ತೆಗೆದಳು, ಸಾಬೂನು ಹಚ್ಚಿ ಸೀಮೆಎಣ್ಣೆ ತೆಗೆದಳು, ಉಗುರಿನ ಸಂದಿಯನ್ನೂ ಬಿಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, "ಚಾ ಕುಡದ ಬರ್ತೇನ್ರಿ" ಎಂದು ಹೊರಟಳು.

"ಇನ್ನೂ ಹನ್ನೆರಡನೂರ ಅದಾವ," ಎಂದ ದುಂಡೇಶ.

"ನಾಳೆ ಅವ್ರು ಬರ್ತಾರಲ್ರಿ, ಹೊಡೀತಾರ."

ಬೀರಣ್ಣ ಹಾಳೆಯ ಕಟ್ಟನ್ನು ಕೆಳಗಿಟ್ಟ. "ನನಗೂ ಯಾಕೋ ಚಾ ನೆನಪಾತು" ಎಂದ. ನಿಷತ ಕಂಪ್ಯೂಟರು ಆರಿಸಿದಳು. ಶೇವಂತೆವ್ವ ಚಂಚಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿ ಅವರ ಹಿಂದೆಯೇ ನಡೆದಳು. ದುಂಡೇಶ ಮಷೀನಿನ ಜೊತೆ ಒಬ್ಬನೇ ಉಳಿದ. ಹಸಿರು ಗುಂಡಿ ಯಾವುದು ಎಂಬುದು ಅವನಿಗೆ ಗೊತ್ತಿತ್ತು. ಅದರ ಮುಂದಿನದು ಗೊತ್ತಿರಲಿಲ್ಲ.

ಚಹಾದಂಗಡಿ ಓಣಿಯ ಬಾಯಲ್ಲೇ. ನಾಲ್ವರೂ ಬಾಕಿನ ಮೇಲೆ ಸಾಲಾಗಿ ಕೂತರು.

"ಇದಕ ಮುಷ್ಕರ ಅಂತಾರೇನ ತಂಗಿ?" ಎಂದಳು ಶೇವಂತೆವ್ವ.

"ಇಲ್ರಿ ಅಕ್ಕಾರ, ಚಾ ಅಂತಾರ."

"ಗಾಡಿ ಬಾಗಲದಾಗ ನಿಂತೈತಿ. ನಾಳೆ ಹಣ್ಣ ಹರೀತಾರ."

"ಗೊತ್ತೈತ್ರಿ. ನಿಮಗ ತ್ರಾಸ ಮಾಡೂ ಮನಸಿಲ್ಲ. ಆದ್ರ ಇವತ್ತ ನಾ ಹೊಡದ ಮುಗಿಸಿದ್ರ, ನಾಳೆ ಮಡಚಾಕ ಕೂಡ್ರತೇನಿ."

ಶೇವಂತೆವ್ವ ಬಸಿಗೆ ಸುರಿದುಕೊಂಡ ಚಹಾ ಊದಿದಳು. ಚೀಲದ ಹಣ್ಣನ್ನು ದಲಾಲರ ಮುಂದೆ ಸುರಿಯುವುದಿಲ್ಲ ಎಂದು ಮೊದಲ ಸಲ ಹೇಳಿದ ದಿನ, ಊರವರು ಆಕೆಗೆ ಅಂದ ಮಾತುಗಳು ಒಂದೆರಡಲ್ಲ. "ಹಂಗಾರ ಇನ್ನೊಂದ ಕಪ್ ಹೇಳು" ಎಂದಳು.

ಎರಡನೆಯ ಕಪ್ಪು ಬರುವ ಮೊದಲೇ ದುಂಡೇಶ ಬಂದ. ಎಷ್ಟು ಜೋರಾಗಿ ಬಂದನೋ ಅಷ್ಟೇ ಮೆತ್ತಗೆ ನಿಂತ. ಓಣಿಯ ಮಂದಿ ನೋಡುತ್ತಿದ್ದರು.

"ಏಳ್ರಿ ಸಾಕು. ಏನ ನಡಸೀರಿ ಇದು."

"ನಾ ಏನೂ ನಡಸವಲ್ಲೆ," ಎಂದಳು ಮೆಹನಾಜ. "ಅದನ್ನ ಹೇಳಾಕತ್ತೇನಿ."

ದುಂಡೇಶ ಶೇವಂತೆವ್ವನ ಕಡೆ ನೋಡಿದ, ಆಸರೆ ಸಿಕ್ಕೀತು ಎಂದು. ಶೇವಂತೆವ್ವ ಅಂದಳು, "ನನ್ನ ಯಾಕ ನೋಡ್ತೀಯೋ ಯಪ್ಪಾ? ಮಾತ ಕೊಟ್ಟಾವ ನೀನು. ಫೋನ ನಿನ್ನ ಕಿಸೇದಾಗ ಐತಿ."

ಅವನು ಫೋನು ತೆಗೆದು ಪಕ್ಕಕ್ಕೆ ಹೋಗಲು ತಿರುಗಿದ. "ಇಲ್ಲೇ ಮಾಡ್ರಿ," ಎಂದಳು ಮೆಹನಾಜ. "ನಮಗೂ ಕೇಳ್ಲಿ."

ಸ್ಪೀಕರಿನಲ್ಲಿ ತಬ್ರೇಜನ ದನಿ ಬಂತು. ಬಸ್ಸಿನ ಹಾರ್ನು, ಮಗು ಅಳುವ ಸದ್ದು.

"ತಬ್ರೇಜ ಅವ್ರ, ನಾಳೆ ಬರಬ್ಯಾಡ್ರಿ."

"ಯಾಕ್ರಿ, ಮಷೀನ ಮಾರಿದ್ರೇನು?"

"ಇಲ್ರಿ. ನಡಸಾಕ ಇಲ್ಲೇ ಮಂದಿ ಅದಾರ."

"ಹೆಸರ ಹೇಳ್ರಿ," ಎಂದಳು ಮೆಹನಾಜ, ಕಪ್ಪಿನ ಕಡೆ ನೋಡುತ್ತ.

ದುಂಡೇಶ ಫೋನನ್ನು ಬಾಯಿಗೆ ಹತ್ತಿರ ಹಿಡಿದ. "ಮೆಹನಾಜ ಅಂತ."

"ಹೆಣ್ಮಗಳೇನ್ರಿ?" ಎಂದಿತು ಫೋನು.

ಬಾಕಿನ ಮೇಲಿದ್ದ ನಾಲ್ವರೂ ದುಂಡೇಶನ ಮುಖ ನೋಡಿದರು. ಚಹಾದವನೂ ಸೌಟು ಎತ್ತಿ ಹಿಡಿದು ನಿಂತ.

"ಆಪರೇಟರ್ ರೀ," ಎಂದ ದುಂಡೇಶ.

"ಆತ್ ಬಿಡ್ರಿ. ಆ ಮಷೀನಿನ ಡ್ರಮ್ಮಿಂದ ಒಂದ ತಕರಾರ ಇರತೈತಿ, ಇಡೀ ಹಾಳಿ ತುಂಬ ಸಾಲಿಡ್ ಬಣ್ಣ ಹೊಡದ್ರ ಕಲಿ ಬೀಳತೈತಿ. ಅವ್ರಿಗಿ ಹೇಳಿರ್ರಿ."

"ಅದು ಮುಗದೈತ್ರಿ," ಎಂದಳು ಮೆಹನಾಜ, ಫೋನಿನ ಕಡೆ ಬಾಗಿ.

ಉಳಿದ ಹಾಳೆಗಳು ಮೂರು ಗಂಟೆಯ ಹೊತ್ತಿಗೆ ಮುಗಿದವು. ಶಾಯಿ ಆರಲು ಒಂದು ದಿನ ಬಿಟ್ಟೇ ಡಬ್ಬಿಗೆ ಅಂಟಿಸಬೇಕು, ಅಲ್ಲಿಯ ತನಕ ಮೇಲೆ ಭಾರ ಹೇರಬಾರದು ಎಂದು ಮೆಹನಾಜ ಹೇಳಿಕೊಟ್ಟಳು. ಗಾಡಿಗೆ ಹೇರುವಾಗ ಶೇವಂತೆವ್ವ ಕಟ್ಟುಗಳ ನಡುವೆ ಕೈ ಹಾಕಿ, ಅಲ್ಲಲ್ಲಿ ಒಂದು ಹಾಳೆ ಎಳೆದು ನೋಡಿದಳು. ಎಷ್ಟು ನಂಬಿಗೆ ಇದ್ದರೂ ನೋಡದೆ ಒಯ್ಯುವ ಪೈಕಿ ಆಕೆಯಲ್ಲ, ಮೆಹನಾಜಳಿಗೆ ಅದೇ ಹಿಡಿಸಿತು.

ಮರುದಿನ ಬಸವನ ಬಾಗೇವಾಡಿಯಿಂದ ಒಬ್ಬರು ಬಂದರು, ಮನಗೂಳಿ ರಸ್ತೆಯಲ್ಲಿ ಬಟ್ಟೆ ಅಂಗಡಿ ತೆರೆಯುವವರು. ಕಡುಗೆಂಪು ಬಣ್ಣದ ಎರಡು ಸಾವಿರ ಪೋಸ್ಟರು ಬೇಕಿತ್ತು. ದುಂಡೇಶನ ಟೇಬಲ್ಲಿನ ಮುಂದೆ ಕೂತು, "ಯಾವಾಗ ಕೊಡ್ತೀರಿ?" ಎಂದು ಕೇಳಿದರು. ಯಾವಾಗ ಬೇಕೆಂದರೆ ಆವಾಗ ಎನ್ನುವುದು ದುಂಡೇಶನ ಹಳೆಯ ಚಾಳಿ. ಬಾಯಿ ತೆರೆದವನು ಹಾಗೇ ನಿಂತು, ಕೈಯನ್ನು ಮಷೀನಿನ ಕಡೆ ತೋರಿಸಿದ.

"ಅವ್ರನ್ನ ಕೇಳ್ರಿ."

ಗಿರಾಕಿ ತಿರುಗಿ ನೋಡಿದರು. ಮೆಹನಾಜ ಅವರು ತಂದ ನಮೂನೆಯನ್ನು ಕೈಗೆ ತೆಗೆದುಕೊಂಡು, ಕೆಂಪು ಎಷ್ಟು ದಟ್ಟ, ಹಾಳೆ ಎಷ್ಟು ದಪ್ಪ ಎಂದು ನೋಡಿದಳು. ಆತುರ ಮಾಡಲಿಲ್ಲ.

"ಶನಿವಾರ."

"ಶುಕ್ರವಾರ ಆಗಂಗಿಲ್ಲೇನ್ರಿ? ಅಂಗಡಿ ಪೂಜಾ ಐತಿ."

"ಶಾಯಿ ಆರಾಕ ಒಂದಿನ ಬೇಕ್ರಿ. ಶನಿವಾರ."

ಗಿರಾಕಿ ದುಂಡೇಶನ ಮುಖ ನೋಡಿದರು. ದುಂಡೇಶ ಕ್ಯಾಲೆಂಡರಿನ ಮುಖ ನೋಡಿದ.

"ಆತ್ರಿ," ಎಂದರು ಗಿರಾಕಿ. "ಪೂಜಾನ ಒಂದಿನ ಮುಂದ ಹಾಕ್ತೇವಿ."